ಏರು ಶುರುವಾಗುವ ಮೊದಲು

ಸೈಕಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಇದಕ್ಕೆ ಎಷ್ಟು ಗೇರ್?" ಅಂತ. 21, 24, 27. ಸಂಖ್ಯೆ ಜಾಸ್ತಿ ಇದ್ದಷ್ಟೂ ಸೈಕಲ್ ಒಳ್ಳೆಯದು ಅನ್ನುವ ನಂಬಿಕೆ. ದುಡ್ಡು ಕೊಟ್ಟು, ಬೆಲ್ಲು ಸ್ಟ್ಯಾಂಡು ಹಾಕಿಸಿಕೊಂಡು ಮನೆಗೆ ತರುತ್ತಾರೆ. ಆ ಗೇರ್‌ಗಳನ್ನು ಯಾವಾಗ ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು ಅಂತ ಹೇಳಿಕೊಡುವವರು ಕಡಿಮೆ.

ಬೆಳಗ್ಗೆ ಸೈಕಲ್ ತೆಗೆದುಕೊಂಡು ಹೊರಟರೆ ನನ್ನ ಕಣ್ಣು ಮೊದಲು ಹೋಗುವುದು ಎದುರಿಗೆ ಬರುವವರ ಕಾಲಿನ ಕಡೆಗೆ. ಒಳ್ಳೆಯ ಸೈಕಲ್ ಇರುತ್ತೆ, ಹೆಲ್ಮೆಟ್ ಇರುತ್ತೆ, ಕಾಲು ಮಾತ್ರ ತುಂಬ ನಿಧಾನಕ್ಕೆ, ಕಷ್ಟಪಟ್ಟು ಸುತ್ತುತ್ತಾ ಇರುತ್ತೆ. ಚೈನ್ ನೋಡಿದರೆ ಮುಂದೆ ಪೆಡಲ್ ಹತ್ತಿರ ದೊಡ್ಡ ಹಲ್ಲುಚಕ್ರ, ಹಿಂದೆ ಅತಿ ಚಿಕ್ಕ ಹಲ್ಲುಚಕ್ರ. ಅಂದರೆ ಇರುವುದರಲ್ಲೇ ಅತಿ ಭಾರದ ಗೇರ್. ಸಣ್ಣ ದಿಬ್ಬ ಬಂದರೂ ಮೈಯೆಲ್ಲ ಎಡಕ್ಕೆ ಬಲಕ್ಕೆ ತೂಗುತ್ತದೆ. ಸ್ವಲ್ಪ ದಿನ ಹೀಗೆ ತುಳಿದು ಮಂಡಿ ನೋವು ಅಂತ ಸೈಕಲ್ ಬಿಟ್ಟವರು ನನಗೆ ಎಷ್ಟೋ ಜನ ಗೊತ್ತು. ಅದನ್ನು ಕಂಡಾಗಲೆಲ್ಲ ಹೊಟ್ಟೆಗೆ ಸಂಕಟವಾಗುತ್ತದೆ. ಸೈಕಲ್ ಅವರಿಗೆ ಆಗಿಬರಲಿಲ್ಲ ಅಂತಲ್ಲ, ಬೆರಳ ತುದಿಯಲ್ಲೇ ಇದ್ದ ಅನುಕೂಲವನ್ನು ಯಾರೂ ತೋರಿಸಿಕೊಡಲಿಲ್ಲ ಅಷ್ಟೆ.

ಕಾರು, ಮೋಟರ್‌ಬೈಕ್ ಓಡಿಸಿ ಅಭ್ಯಾಸ ಇರುವವರಿಗೆ ಗೇರ್ ಅಂದರೆ ವೇಗ. ಒಂದರಿಂದ ಶುರು ಮಾಡಿ ಟಾಪ್‌ಗೆ ಬಂದರೆ ಮುಗೀತು, ಅಲ್ಲೇ ಇರೋದು. ಸೈಕಲ್‌ಗೂ ಅದೇ ಲೆಕ್ಕ ಹಚ್ಚುತ್ತಾರೆ. ಆದರೆ ಇಲ್ಲಿ ಎಂಜಿನ್ ಅಂದರೆ ನಮ್ಮ ಕಾಲು. ಅದಕ್ಕೆ ಒಂದು ಹಿತವಾದ ಲಯ ಇದೆ. ರಸ್ತೆ ಏರಲಿ, ಇಳಿಯಲಿ, ಗಾಳಿ ಎದುರಿಗೆ ಬೀಸಲಿ, ಕಾಲು ಹೆಚ್ಚುಕಡಿಮೆ ಅದೇ ಲಯದಲ್ಲಿ ಸುತ್ತುತ್ತಿರಬೇಕು. ಗೇರ್ ಇರುವುದು ಅದಕ್ಕೆ. ವೇಗ ತಾನಾಗಿ ಬರುತ್ತದೆ, ಹೋಗುತ್ತದೆ.

ಆ ಲಯಕ್ಕೆ ಸೈಕಲ್ ತುಳಿಯುವವರು ಕ್ಯಾಡೆನ್ಸ್ ಅನ್ನುತ್ತಾರೆ. ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಬಂತು ಅನ್ನುವ ಲೆಕ್ಕ. ಅಭ್ಯಾಸ ಇಲ್ಲದವರು 50–60 ಸುತ್ತಿನಲ್ಲಿ ಇರುತ್ತಾರೆ. ರೇಸ್ ಓಡಿಸುವವರದು 90ರ ಆಸುಪಾಸು. ನಮ್ಮಂಥವರಿಗೆ 70ರಿಂದ 85 ಬಂದರೆ ಧಾರಾಳ. ಅಳೆಯೋಕೆ ಯಾವ ಯಂತ್ರವೂ ಬೇಡ. ಬಲ ಮಂಡಿ ಮೇಲೆ ಬಂದಾಗಲೆಲ್ಲ ಒಂದು ಅಂತ 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 18 ಬಂದರೆ 72. ಅಷ್ಟು ಸಾಕು.

ಭಾರದ ಗೇರಿನಲ್ಲೇ ಇದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಬಹುದು. ನಮ್ಮಲ್ಲಿ ಜಾಸ್ತಿ ಓಡಾಡುವ 21 ಗೇರಿನ ಸೈಕಲ್‌ಗಳಲ್ಲಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರ ಇರುವುದು ಸಾಮಾನ್ಯ. ಟೈರ್ ಒಂದು ಸುತ್ತು ಸುತ್ತಿದರೆ ಸೈಕಲ್ ಹತ್ತಿರ ಹತ್ತಿರ 2.2 ಮೀಟರ್ ಮುಂದೆ ಹೋಗುತ್ತದೆ. ಮುಂದೆ 42, ಹಿಂದೆ 14 ಇದ್ದರೆ ಪೆಡಲ್ ಒಂದು ಸುತ್ತಿಗೆ ಟೈರ್ ಮೂರು ಸುತ್ತು, ಅಂದರೆ 6.6 ಮೀಟರ್. ನೀವು ಗಂಟೆಗೆ 15 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಆ ಗೇರಿನಲ್ಲಿ ಪೆಡಲ್ ನಿಮಿಷಕ್ಕೆ 38 ಸುತ್ತು ಮಾತ್ರ ಸುತ್ತುತ್ತದೆ. ಅದೇ ವೇಗಕ್ಕೆ ಮುಂದೆ 34, ಹಿಂದೆ 22 ಹಾಕಿ ನೋಡಿ. 73 ಸುತ್ತು ಬರುತ್ತದೆ. ಹೋಗುವ ವೇಗ ಒಂದೇ. ಒಂದೊಂದು ತುಳಿತಕ್ಕೆ ಹಾಕಬೇಕಾದ ಬಲ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಆ ಬಲವನ್ನು ಹೊರುವುದು ಮಂಡಿ. ಒಂದು ಗಂಟೆ ಸವಾರಿ ಅಂದರೆ ಸಾವಿರಾರು ತುಳಿತ. ಪ್ರತಿ ತುಳಿತದಲ್ಲೂ ಬೇಕಾದ್ದಕ್ಕಿಂತ ಎರಡು ಪಟ್ಟು ಒತ್ತಿದರೆ ಮಂಡಿ ಸುಮ್ನೆ ಇರುತ್ತದೆಯೇ?

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನೂ ಹೇಳಿಬಿಡುತ್ತೇನೆ. ಉಸಿರಾಟ ಅಳೆದು ನೋಡಿದರೆ ನಿಧಾನಕ್ಕೆ ತುಳಿಯುವಾಗಲೇ ಆಮ್ಲಜನಕ ಕಡಿಮೆ ಖರ್ಚಾಗುತ್ತದೆ. ನಿಮಿಷಕ್ಕೆ 60ರ ಆಸುಪಾಸಿನಲ್ಲಿ ದೇಹದ ಖರ್ಚು ಕಡಿಮೆ. ಹಾಗಿದ್ದರೂ ಪಳಗಿದವರು 90ರ ಕಡೆಗೆ ಹೋಗುವುದು ಯಾಕೆ? ಕಾಲನ್ನು ಬೇಗ ಸುತ್ತಿದರೆ ಉಸಿರು ಸ್ವಲ್ಪ ಜಾಸ್ತಿ ಬೇಕು, ಆದರೆ ತೊಡೆಯ ಸ್ನಾಯು ಬೇಗ ದಣಿಯುವುದಿಲ್ಲ. ಏದುಸಿರು ಎರಡು ನಿಮಿಷದಲ್ಲಿ ತಹಬದಿಗೆ ಬರುತ್ತದೆ. ಸೋತ ತೊಡೆ ಅವತ್ತಿಡೀ ಸೋತದ್ದೇ. ಅರ್ಧ ಗಂಟೆ ತುಳಿದು ಮನೆಗೆ ಬರುವವರಿಗೆ ಎರಡೂ ನಡೆಯುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ವಾಪಸ್ ಬರಬೇಕು ಅನ್ನುವವರು ತೊಡೆಯನ್ನು ಉಳಿಸಿಕೊಳ್ಳುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು ನಮ್ಮ ಅಕ್ಕನಿಂದ. ಐವತ್ತು ದಾಟಿದ ಮೇಲೆ ಗೇರ್ ಸೈಕಲ್ ತೆಗೆದುಕೊಂಡಳು. ಚಿಕ್ಕವಳಿದ್ದಾಗ ಬಾಡಿಗೆ ಸೈಕಲ್‌ನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ತುಳಿದು ಕಲಿತವಳು. ಕಾಲೇಜಿಗೆ ಲೇಡೀಸ್ ಸೈಕಲ್‌ನಲ್ಲೇ ಹೋಗಿಬಂದವಳು. ಸೈಕಲ್ ಅವಳಿಗೆ ಹೊಸದಲ್ಲ, ಗೇರ್ ಹೊಸದು. "ಒಂದೇ ಗೇರಿನಲ್ಲಿ ಇಡೀ ಊರು ಸುತ್ತಿದೀನಿ ಕಣೋ, ಇಷ್ಟೊಂದು ಯಾಕೆ?" ಅಂದಳು. ನ್ಯಾಯವಾದ ಪ್ರಶ್ನೆ. ಆ ಹಳೆಯ ಸೈಕಲ್‌ನಲ್ಲಿ ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು, ಅದನ್ನು ಯಾರೂ ಸೋಲು ಅಂದುಕೊಳ್ಳುತ್ತಿರಲಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರೂ ಹಾಗೇ ಮಾಡುತ್ತಿದ್ದರು. ಒಂದೇ ಗೇರ್ ಇದ್ದಾಗ ಇಳಿಯುವುದೇ ಎರಡನೇ ಗೇರ್.

ಅವಳಿಗೆ ರಸ್ತೆಯಲ್ಲಿ ಹೇಳಿಕೊಡುವ ಮೊದಲು ಮನೆ ಮುಂದೆ ನಿಲ್ಲಿಸಿ ತೋರಿಸಿದೆ. ನಾನು ಸೀಟು ಹಿಡಿದು ಹಿಂದಿನ ಚಕ್ರ ನೆಲದಿಂದ ಮೇಲೆತ್ತಿದೆ. ಅಕ್ಕ ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಮೇಲಿನ ಗೇರ್ ಲಿವರ್ ಒತ್ತಿದಳು. ಹಿಂದಿನ ಹಲ್ಲುಚಕ್ರಗಳ ಕೆಳಗೆ ನೇತಾಡುವ ಡಿರೇಲರ್ ಅನ್ನುವ ಭಾಗ ಇದೆಯಲ್ಲ, ಅದರಲ್ಲಿ ಎರಡು ಪುಟ್ಟ ಚಕ್ರಗಳಿವೆ. ಮೇಲಿನದು ಚೈನಿಗೆ ದಾರಿ ತೋರಿಸುತ್ತದೆ. ಕೆಳಗಿನದು ಚೈನ್ ಸಡಿಲವಾಗದ ಹಾಗೆ ಹಿಂದಕ್ಕೆ ಎಳೆದು ಹಿಡಿಯುತ್ತದೆ. ಲಿವರ್ ಒತ್ತಿದಾಗ ಕೇಬಲ್ ಎಳೆಯಿತು, ಡಿರೇಲರ್ ಒಂದಿಷ್ಟು ಒಳಗೆ ಸರಿಯಿತು, ಚೈನ್ ವಾರೆಯಾಯಿತು. ಆದರೆ ಕೂಡಲೇ ಹತ್ತಲಿಲ್ಲ. ಇನ್ನೊಂದಿಷ್ಟು ತಿರುಗಿಸಿದ ಮೇಲೆ ಟಕ್ ಅಂತ ಪಕ್ಕದ ದೊಡ್ಡ ಚಕ್ರಕ್ಕೆ ಏರಿ ಕೂತಿತು.

"ಯಾಕೆ ತಡ ಮಾಡ್ತು?" ಅಂತ ಕೇಳಿದಳು. ಹತ್ತಿರ ಬಗ್ಗಿ ನೋಡಿದರೆ ಉತ್ತರ ಅಲ್ಲೇ ಇದೆ. ಹಿಂದಿನ ಚಕ್ರಗಳ ಹಲ್ಲು ಎಲ್ಲ ಒಂದೇ ಥರ ಇರುವುದಿಲ್ಲ. ಕೆಲವು ಗಿಡ್ಡ, ಕೆಲವು ಓರೆ. ಚಕ್ರದ ಪಕ್ಕದಲ್ಲಿ ಅಲ್ಲಲ್ಲಿ ಚೈನ್ ಹತ್ತಲು ಇಳಿಜಾರಿನಂತೆ ಕೊರೆದಿರುತ್ತಾರೆ. ಚೈನ್ ಆ ಜಾಗ ಬರುವವರೆಗೆ ಕಾದು ಅಲ್ಲಿಂದ ಹತ್ತುತ್ತದೆ. 1980ರ ದಶಕದ ಕೊನೆಗೆ ಸೈಕಲ್ ಬಿಡಿಭಾಗ ಮಾಡುವ ಜಪಾನಿನ ಶಿಮಾನೊ ಕಂಪನಿಯವರು ಹೈಪರ್‌ಗ್ಲೈಡ್ ಅಂತ ಇಂಥ ಹಲ್ಲುಗಳನ್ನು ತಂದ ಮೇಲೆ ಗೇರ್ ಬದಲಾಯಿಸುವುದು ತುಂಬ ನಯವಾಯಿತು. ಅದಕ್ಕೂ ಕೆಲವು ವರ್ಷ ಮೊದಲು ಲಿವರ್ ಒತ್ತಿದರೆ ಸರಿಯಾಗಿ ಒಂದೇ ಚಕ್ರ ದಾಟುವ ವ್ಯವಸ್ಥೆ ಬಂದಿತ್ತು. ಅದಕ್ಕಿಂತ ಹಿಂದೆ ಲಿವರ್‌ಗೆ ಗುರುತೇ ಇರಲಿಲ್ಲ, ಕಿವಿಗೊಟ್ಟು ಚೈನ್ ಸದ್ದು ಕೇಳಿಕೊಂಡು ಸರಿ ಮಾಡಿಕೊಳ್ಳಬೇಕಿತ್ತು.

ಈ ಪುಟ್ಟ ಪ್ರಯೋಗದಲ್ಲಿ ಎರಡು ಸಂಗತಿ ತಾನಾಗಿ ಗೊತ್ತಾಗುತ್ತದೆ. ಪೆಡಲ್ ತಿರುಗದೆ ಗೇರ್ ಬದಲಾಗುವುದಿಲ್ಲ, ಇದು ಒಂದು. ನಿಂತ ಸೈಕಲ್‌ನಲ್ಲಿ ಲಿವರ್ ಕಟಕಟ ಒತ್ತಿದರೆ ಕೇಬಲ್ ಎಳೆದುಕೊಂಡು ಕೂರುತ್ತದೆ, ಆಮೇಲೆ ಪೆಡಲ್ ಹಾಕಿದ ಕೂಡಲೇ ಚೈನ್ ಗಡಬಡ ಹಾರುತ್ತದೆ. ಇನ್ನೊಂದು, ಚೈನ್ ಮೇಲೆ ಬಲ ಜಾಸ್ತಿ ಇದ್ದರೆ ಅದು ಸರಿಯಲು ಒದ್ದಾಡುತ್ತದೆ. ಅಕ್ಕ ಕೈಯಲ್ಲಿ ತಿರುಗಿಸಿದಾಗ ಬೆಣ್ಣೆಯಷ್ಟು ಸಲೀಸಾಗಿ ಬದಲಾದ ಗೇರ್, ಏರಿನಲ್ಲಿ ಇಡೀ ಮೈಭಾರ ಪೆಡಲ್ ಮೇಲೆ ಹಾಕಿದಾಗ ಕರಕರ ಅನ್ನುವುದು ಅದಕ್ಕೇ.

ಮುಂದಿನ ಗೇರ್ ಇನ್ನೂ ಸೂಕ್ಷ್ಮ. ಹಿಂದಿನ ಡಿರೇಲರ್ ಕೆಲಸ ಮಾಡುವುದು ಚೈನಿನ ಕೆಳಭಾಗದ ಮೇಲೆ. ಅಲ್ಲಿ ಚೈನ್ ಸಡಿಲವಾಗಿರುತ್ತದೆ. ಮುಂದಿನ ಡಿರೇಲರ್ ತಳ್ಳುವುದು ಮೇಲ್ಭಾಗವನ್ನು. ನಮ್ಮ ಕಾಲಿನ ಬಲವೆಲ್ಲ ಹರಿಯುವುದು ಅಲ್ಲೇ, ತಂತಿಯ ಹಾಗೆ ಬಿಗಿಯಾಗಿರುತ್ತದೆ. ಅದಕ್ಕೇ ಮುಂದಿನದನ್ನು ನಡೆಸುವ ಎಡಗೈ ಲಿವರ್ ಒತ್ತುವಾಗ ಪೆಡಲ್ ತುಳಿಯುವುದನ್ನು ನಿಲ್ಲಿಸದೆ, ಬಲ ಮಾತ್ರ ಅರ್ಧ ಸುತ್ತಿನಷ್ಟು ಸಡಿಲ ಬಿಡಬೇಕು. ಕಾಲು ಸುತ್ತುತ್ತಿರಬೇಕು, ಒತ್ತಬಾರದು. ಇದೊಂದು ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದ ಹಾಗೆ. ಚೈನ್ ಬೀಳುವುದು ಬಹುಪಾಲು ಇಲ್ಲಿ ಅವಸರ ಮಾಡಿದಾಗಲೇ. ಬಿದ್ದರೂ ಗಾಬರಿ ಬೇಡ. ಒಳಗಡೆಗೆ ಬಿದ್ದಿದ್ದರೆ, ಸೈಕಲ್ ಇನ್ನೂ ಚಲಿಸುತ್ತಿರುವಾಗಲೇ ಪೆಡಲನ್ನು ಮೆಲ್ಲಗೆ ತಿರುಗಿಸುತ್ತಾ ಎಡಗೈ ಲಿವರ್‌ನಿಂದ ದೊಡ್ಡ ಚಕ್ರಕ್ಕೆ ಹಾಕಿ. ಎಷ್ಟೋ ಸಲ ತಾನಾಗಿ ಹತ್ತಿ ಕೂರುತ್ತದೆ, ಕೈಗೆ ಮಸಿ ಆಗುವುದಿಲ್ಲ.

ಎಲ್ಲರಿಗೂ ಗೊಂದಲ ಆಗುವುದು ಎಡ ಬಲದ್ದು. ಎಡಗೈ ಮುಂದಿನದಕ್ಕೆ, ಬಲಗೈ ಹಿಂದಿನದಕ್ಕೆ. ಅಲ್ಲಿವರೆಗೆ ಸರಿ. ಹೆಬ್ಬೆರಳಿನಿಂದ ಬಲ ಲಿವರ್ ಒತ್ತಿದರೆ ತುಳಿತ ಹಗುರವಾಗುತ್ತದೆ. ಅದೇ ಹೆಬ್ಬೆರಳಿನಿಂದ ಎಡ ಲಿವರ್ ಒತ್ತಿದರೆ ಭಾರವಾಗುತ್ತದೆ! ಯಾಕೆಂದರೆ ಹೆಬ್ಬೆರಳು ಎರಡೂ ಕಡೆ ಚೈನನ್ನು ದೊಡ್ಡ ಚಕ್ರಕ್ಕೆ ಹತ್ತಿಸುತ್ತದೆ. ಹಿಂದಿನ ದೊಡ್ಡದು ಹಗುರ, ಮುಂದಿನ ದೊಡ್ಡದು ಭಾರ. ನಾನು ಇದನ್ನು ಹೇಳಿಕೊಡುವುದು ಬೇರೆ ರೀತಿ. ಚೈನ್ ಸೈಕಲ್ ಕಡೆಗೆ ಒಳಗೆ ಬಂದರೆ ಹಗುರ, ಹೊರಗೆ ಹೋದರೆ ಭಾರ. ಮುಂದೆಯೂ ಹಿಂದೆಯೂ ಇದು ಒಂದೇ. ಅಕ್ಕ ಇದನ್ನು ಹಿಡಿದುಕೊಂಡಳು. ಲಿವರ್ ಇರುವ ಶಿಫ್ಟರ್ ಮೇಲಿನ ಸಂಖ್ಯೆ ನೋಡುವುದನ್ನು ಅವತ್ತೇ ಬಿಟ್ಟಳು. ಬಿಡಬೇಕಾದ್ದೇ, ರಸ್ತೆ ನೋಡಬೇಕಾದ ಕಣ್ಣು ಹ್ಯಾಂಡಲ್ ಮೇಲೆ ಇರಬಾರದು.

ಇನ್ನು ಆ 21 ಅನ್ನುವ ಸಂಖ್ಯೆಯ ವಿಚಾರ. ಮುಂದೆ 42, ಹಿಂದೆ 28 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಟೈರ್ ಒಂದೂವರೆ ಸುತ್ತು. ಮುಂದೆ 24, ಹಿಂದೆ 16 ಹಾಕಿದರೂ ಒಂದೂವರೆ ಸುತ್ತೇ. ಎರಡು ಗೇರ್ ಅಂತ ಎಣಿಸಿದ್ದು ಕಾಲಿಗೆ ಒಂದೇ. ಹೀಗೆ ಒಂದರ ಮೇಲೊಂದು ಕೂರುವವನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಸೈಕಲ್‌ನಲ್ಲಿ ಕಾಲಿಗೆ ಬೇರೆ ಅನ್ನಿಸುವ ಗೇರ್ 14ರಷ್ಟು ಉಳಿಯುತ್ತವೆ. ಅದರಲ್ಲೂ ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಹಾಕಿದರೆ ಚೈನ್ ತೀರಾ ಓರೆಯಾಗಿ ಉಜ್ಜುತ್ತದೆ, ಬೇಗ ಸವೆಯುತ್ತದೆ. ಆದ್ದರಿಂದ 21ನ್ನೂ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಊರೊಳಗಿನ ಓಡಾಟಕ್ಕೆ ಮುಂದಿನ ನಡು ಚಕ್ರದಲ್ಲೇ ಇಟ್ಟು ಬಲಗೈಯಲ್ಲಿ ಮಾತ್ರ ಆಟ ಆಡಿದರೆ ಸಾಕು. ಏರು ಉದ್ದವಿದೆ ಅಂತ ಗೊತ್ತಿದ್ದರೆ ಮುಂದೆ ಚಿಕ್ಕದಕ್ಕೆ ಬನ್ನಿ. ಉದ್ದ ಇಳಿಜಾರು, ಬೆನ್ನಿಗೆ ಗಾಳಿ ಇದ್ದರೆ ದೊಡ್ಡದಕ್ಕೆ. ಮುಂದಿನದನ್ನು ಬದಲಾಯಿಸಿದಾಗ ಕಾಲಿಗೆ ದೊಡ್ಡ ನೆಗೆತ ಅನ್ನಿಸುತ್ತದೆ. ಅದನ್ನು ತುಂಬಿಕೊಳ್ಳಲು ಹಿಂದೆ ಒಂದೆರಡು ಚಕ್ರ ಎದುರು ದಿಕ್ಕಿಗೆ ಸರಿಸಿದರೆ ಲಯ ಕೆಡುವುದಿಲ್ಲ.

ಹೊಸ ಸೈಕಲ್ ಹುಡುಕುವವರಿಗೆ ಒಂದು ಮಾತು. ಒಟ್ಟು ಎಷ್ಟು ಗೇರ್ ಅಂತ ಕೇಳುವ ಬದಲು, ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು ಹಲ್ಲು ಅಂತ ಕೇಳಿ. ಮುಂದಿನದು ಹಿಂದಿನದಕ್ಕಿಂತ ಕಡಿಮೆ ಅಥವಾ ಸಮ ಇದ್ದರೆ ನಂದಿ ಬೆಟ್ಟದಂಥ ಏರನ್ನೂ ಕೂತೇ ಹತ್ತಬಹುದು. ಮುಂದೆ ಒಂದೇ ಚಕ್ರ, ಹಿಂದೆ ಅಗಲವಾದ ಹತ್ತು ಹನ್ನೊಂದು ಚಕ್ರ ಇರುವ ಸೈಕಲ್‌ಗಳೂ ಈಗ ಬಂದಿವೆ. ಎಡಗೈ ಕೆಲಸವೇ ಇಲ್ಲದ್ದರಿಂದ ಹೊಸಬರಿಗೆ ಅವು ಒಳ್ಳೆಯವು ಅಂತ ನಾನು ಹೇಳುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೇರ್ ಬದಲಾಯಿಸುವುದು ಕಷ್ಟ ಶುರುವಾದ ಮೇಲೆ ಅಲ್ಲ, ಶುರುವಾಗುವ ಮೊದಲು. ಏರಿನಲ್ಲಿ ನಾಲ್ಕು ಮಾರು ಹೋಗಿ, ಕಾಲು ನಿಂತುಹೋಗುವ ಹಂತಕ್ಕೆ ಬಂದಾಗ ಲಿವರ್ ಒತ್ತಿದರೆ ಚೈನ್ ಮೇಲೆ ಇಡೀ ಮೈಭಾರ ಇರುತ್ತದೆ. ಚೈನ್ ಒಪ್ಪುವುದಿಲ್ಲ. ಒಪ್ಪಿದರೂ ಅಷ್ಟೊತ್ತಿಗೆ ಓಟ ಸತ್ತಿರುತ್ತದೆ. ಏರು ಕಣ್ಣಿಗೆ ಬಿದ್ದಾಗಲೇ, ಕಾಲು ಇನ್ನೂ ಹಗುರವಾಗಿರುವಾಗಲೇ ಒಂದು ಇಳಿಸಿ, ಅಂದರೆ ಒಂದು ಗೇರ್ ಹಗುರ ಮಾಡಿ. ಏರು ಕಾಲಿಗೆ ತಾಗಿದಾಗ ಇನ್ನೊಂದು. ಒಂದೊಂದೇ. ಇದನ್ನು ನಾನು ವಿವರಿಸುತ್ತಾ ಇದ್ದಾಗ ಅಕ್ಕ ಅರ್ಧಕ್ಕೇ ತಡೆದಳು. "ಗೊತ್ತಾಯ್ತು ಬಿಡೋ. ಹಾಲು ಉಕ್ಕಿದ ಮೇಲೆ ಉರಿ ಸಣ್ಣ ಮಾಡಿದರೆ ಏನು ಬಂತು, ಅಂಚಿಗೆ ಬರುವಾಗಲೇ ಮಾಡ್ಬೇಕು ಅಂತೀಯ." ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಸಿಗ್ನಲ್‌ನಲ್ಲೂ ಇದೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರಿಗೆ ಇದು ದಿನದ ಅನುಭವ. ಕೆಂಪು ದೀಪ ಕಂಡು ಬ್ರೇಕ್ ಹಿಡಿಯುತ್ತಾ ಹೋಗುವಾಗ ಪೆಡಲ್ ತಿರುಗಿಸುತ್ತಾ ಎರಡು ಮೂರು ಗೇರ್ ಇಳಿಸಿಕೊಂಡೇ ನಿಲ್ಲಬೇಕು. ಹಸಿರು ಬಿದ್ದಾಗ ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿರುತ್ತದೆ. ಭಾರದ ಗೇರಿನಲ್ಲಿ ಸೈಕಲ್ ಕಿತ್ತು ಹೊರಡಿಸುವಾಗ ಹ್ಯಾಂಡಲ್ ಅತ್ತಿತ್ತ ಹೊಯ್ದಾಡುತ್ತದೆ. ಹಗುರದಲ್ಲಿ ಹೊರಟರೆ ಮೊದಲ ಎರಡು ತುಳಿತದಲ್ಲೇ ಸೈಕಲ್ ನೇರವಾಗುತ್ತದೆ. ಸರಿಯಾದ ಗೇರಿನಲ್ಲಿ ನಿಲ್ಲುವುದು ಇಲ್ಲಿ ಮಂಡಿಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ ಕೂಡ.

ಗಾಳಿಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿತ್ರದುರ್ಗ, ಗದಗ ಕಡೆಯ ಬಯಲಿನಲ್ಲಿ ತುಳಿದವರಿಗೆ ಗೊತ್ತು. ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿಗೆ 15 ಕಿ.ಮೀ. ವೇಗದ ಗಾಳಿ ಇದೆ ಅಂತ ಇಟ್ಟುಕೊಳ್ಳಿ. ಮುಖಕ್ಕೆ ಹೊಡೆಯುವ ಗಾಳಿಯ ವೇಗ 35. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಮೂರು ಪಟ್ಟು. ರಸ್ತೆ ಮಟ್ಟಸ ಕಾಣುತ್ತದೆ, ಆದರೆ ಕಾಲಿಗೆ ಅದು ಏರೇ. ಮಟ್ಟಸ ರಸ್ತೆಯಲ್ಲಿ ಗೇರ್ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಬೇಕು. ಎದುರುಗಾಳಿ ಬಂತು ಅಂದರೆ ಒಂದೆರಡು ಇಳಿಸಿ, ಬಗ್ಗಿ ಕೂತು, ಲಯ ಹಿಡಿದು ಹೋಗುವುದು. ವೇಗ ಎಷ್ಟಿದೆ ಅಂತ ನೋಡುವುದೇ ಬೇಡ.

ಆ ಸೀಮೆಯ ಇನ್ನೊಂದು ವಿಷಯ ನನಗೆ ಇಷ್ಟ. ವಿಜಯಪುರ, ಬಾಗಲಕೋಟೆ ಕಡೆಯಿಂದ ಒಳ್ಳೊಳ್ಳೆಯ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಟ್ರ್ಯಾಕ್ ರೇಸಿನ ಸೈಕಲ್‌ಗೆ ಗೇರ್ ಬದಲಾಯಿಸುವ ಸೌಕರ್ಯವೇ ಇರುವುದಿಲ್ಲ, ಬ್ರೇಕೂ ಇಲ್ಲ. ಒಂದೇ ಗೇರ್, ಅದೂ ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುವಂಥದ್ದು. ವೇಗ ಬೇಕೆಂದರೆ ಕಾಲನ್ನೇ ಬೇಗ ಸುತ್ತಬೇಕು, ನಿಮಿಷಕ್ಕೆ ನೂರು ದಾಟಬೇಕು. ಅಂಥ ಸೈಕಲ್‌ನಲ್ಲಿ ಪಳಗಿದವರು ರಸ್ತೆಗೆ ಬಂದು ಗೇರ್ ಹಿಡಿದರೆ ಕಾಲಿನ ಚಂದ ನೋಡಬೇಕು. ಸೊಂಟದ ಮೇಲಿನ ಮೈ ಅಲುಗುವುದೇ ಇಲ್ಲ.

ಹಗುರ ಗೇರ್ ಹಾಕುವುದು ಒಂದು ಥರ ಅವಮಾನ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. "ಇಡೀ ಬೆಟ್ಟ ದೊಡ್ಡ ಗೇರಿನಲ್ಲೇ ಹತ್ತಿಸಿದೆ" ಅಂತ ಹೇಳಿಕೊಳ್ಳುವ ಹುಡುಗರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ಇದು ಇವತ್ತಿನ ರೋಗವೂ ಅಲ್ಲ, ನಮ್ಮ ಊರಿನದೂ ಅಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಪೌಲ್ ದ ವಿವಿ ಅನ್ನುವವರು ನೂರು ವರ್ಷಕ್ಕೂ ಹಿಂದೆ ಗೇರ್ ಬೇಕೇ ಬೇಕು ಅಂತ ಬರೆದೂ ಬರೆದೂ, ಬೆಟ್ಟ ಹತ್ತಿ ತೋರಿಸಿದರು. ಇನ್ನೊಂದು ಕಡೆ, 1903ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ ಅವರು ಗೇರ್ ಅನ್ನುವುದು ವಯಸ್ಸಾದವರಿಗೆ ಸರಿ, ಗಟ್ಟಿಗರಿಗೆ ಬೇಡ ಅನ್ನುವ ನಿಲುವಿನವರು. ಅವರ ಹಟದಿಂದ ಆ ರೇಸಿನಲ್ಲಿ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ರೇಸಿನವರ ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ಒಂದೊಂದು ಹಲ್ಲುಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಸೈಕಲ್ ಇಳಿದು, ಗಾಲಿ ಬಿಚ್ಚಿ, ಮಗುಚಿ ಹಾಕಿಕೊಂಡು ಮತ್ತೆ ಹೊರಡುತ್ತಿದ್ದರು. ಆಲ್ಪ್ಸ್ ಬೆಟ್ಟದ ಚಳಿಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಆ ನಟ್ಟು ಬಿಚ್ಚಿದವರನ್ನು ನೆನೆದರೆ, ಹೆಬ್ಬೆರಳಿನ ಒಂದು ಒತ್ತಿನಲ್ಲಿ ಸಿಗುವುದನ್ನು ನಾವು ಬಿಗುಮಾನಕ್ಕೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಈಗಿನ ರೇಸಿನವರನ್ನೇ ನೋಡಿ. 1980ರ ದಶಕದಲ್ಲಿ ಅವರ ಹಿಂದಿನ ದೊಡ್ಡ ಚಕ್ರಕ್ಕೆ 23–25 ಹಲ್ಲು ಇದ್ದರೆ ಜಾಸ್ತಿ. ಈಗ ಬೆಟ್ಟದ ದಿನ 30, 34 ಹಲ್ಲು ಸಾಮಾನ್ಯ. ಜಗತ್ತಿನ ಅತಿ ಗಟ್ಟಿ ಕಾಲುಗಳಿಗೇ ಹಗುರ ಗೇರ್ ಬೇಕಾಗಿದೆ.

ಇಷ್ಟೆಲ್ಲ ಚೆನ್ನಾಗಿ ನಡೆಯಬೇಕಾದರೆ ಸೈಕಲ್ ಕೂಡ ಸಹಕರಿಸಬೇಕು. ಹೊಸ ಕೇಬಲ್ ಕೆಲವು ಸವಾರಿಯಲ್ಲಿ ಒಂದಿಷ್ಟು ಸಡಿಲವಾಗುತ್ತದೆ. ಆಗ ಗೇರ್ ಹಾಕಿದರೆ ಹತ್ತಲು ತಡವರಿಸುತ್ತದೆ. ಶಿಫ್ಟರ್‌ಗೆ ಕೇಬಲ್ ಸೇರುವ ಕಡೆ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಕೇಬಲ್ ಒಳಗೆ ಹೋಗುವ ತುದಿಯ ಕಡೆಯಿಂದ ನೋಡಿ ಎಡಕ್ಕೆ ಕಾಲು ಸುತ್ತು ತಿರುಗಿಸಿ, ಪರೀಕ್ಷೆ ಮಾಡಿ, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಸೈಕಲ್ ಬಲಗಡೆಗೆ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ತಿರುಪು ಮುಟ್ಟಬೇಡಿ. ಡಿರೇಲರ್ ನೇತುಹಾಕಿರುವ ಹ್ಯಾಂಗರ್ ಬಾಗಿರುತ್ತದೆ, ಮೆಕ್ಯಾನಿಕ್ ಹತ್ತಿರವೇ ಹೋಗಬೇಕು. ಚೈನ್ ಒರೆಸಿ ಎಣ್ಣೆ ಬಿಡುವುದಂತೂ ಮನೆಗೆಲಸ. ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ನಮ್ಮ ಧೂಳಿಗೆ ಅದೇ ಅಂಟಾಗುತ್ತದೆ.

ಊರೊಳಗೆಲ್ಲ ಕೈ ಪಳಗಿದ ಮೇಲೆ ಅಕ್ಕನೇ ಚಾಮುಂಡಿ ಬೆಟ್ಟಕ್ಕೆ ಹೋಗೋಣ ಅಂದಳು. ಮೆಟ್ಟಿಲು ಹತ್ತಿ ಅಭ್ಯಾಸ ಇದ್ದವಳು, ಸೈಕಲ್‌ನಲ್ಲಿ ಹೋಗಿರಲಿಲ್ಲ. ಊರಿನಿಂದ ಸುಮಾರು 300 ಮೀಟರ್ ಎತ್ತರ. ಬಿಸಿಲು ಏರುವ ಮೊದಲೇ ಹೊರಟೆವು. ಬುಡದಲ್ಲಿ ರಸ್ತೆ ಇನ್ನೂ ಮಟ್ಟಸ ಇರುವಾಗಲೇ ಅವಳ ಎಡಗೈ ಕೆಲಸ ಮಾಡಿತು. ಕಾಲು ಒಂದು ಕ್ಷಣ ಸಡಿಲ, ಟಕ್, ಚೈನ್ ಚಿಕ್ಕ ಚಕ್ರಕ್ಕೆ ಇಳಿಯಿತು. ಬಲಗೈಯಲ್ಲಿ ಹಿಂದೆ ಎರಡು ಸರಿಸಿಕೊಂಡಳು. ಏರು ಬಂದಾಗ ಒಂದೊಂದೇ ಇಳಿಸುತ್ತಾ ಹೋದಳು. ಅತಿ ಹಗುರದ್ದೊಂದನ್ನು ಕೊನೆಗೆ ಅಂತ ಉಳಿಸಿಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆದರೆ ಅದು ಎಲ್ಲ ಬೆಟ್ಟದಲ್ಲೂ ಒಳ್ಳೆಯ ಉಪಾಯ. ಇನ್ನೊಂದು ಬಾಕಿ ಇದೆ ಅನ್ನುವುದೇ ಕಾಲಿಗೆ ಧೈರ್ಯ.

ತಿರುವುಗಳಲ್ಲಿ ಒಳಮೈ ಕಡಿದು, ಹೊರಮೈ ಸ್ವಲ್ಪ ಮಟ್ಟಸ. ಎಡ ತಿರುವು ಬಂದಾಗ, ಒಳಗಿನ ಕಡಿದು ಜಾಗ ಸೇರುವ ಮೊದಲೇ ಗೇರ್ ಇಳಿಸಬೇಕು ಅಂತ ಒಂದು ತಿರುವಿನಲ್ಲಿ ತೋರಿಸಿದೆ. ಮುಂದಿನದರಲ್ಲಿ ತಾನೇ ಮಾಡಿದಳು. ಬೆನ್ನಿಗೆ ಬಿಡುವು ಬೇಕು ಅನ್ನಿಸಿದಾಗ ಎದ್ದು ನಿಂತು ತುಳಿಯಬಹುದು. ಹಾಗೆ ನಿಲ್ಲುವ ಮೊದಲು ಹಿಂದೆ ಒಂದು ಗೇರ್ ಭಾರ ಮಾಡಿಕೊಂಡರೆ ಕಾಲು ಜಾರಿದಂತಾಗುವುದಿಲ್ಲ, ಕೂರುವಾಗ ಮತ್ತೆ ಹಗುರಕ್ಕೆ ಬರುವುದು. ಗಂಟೆಗೆ ಎಂಟು ಕಿ.ಮೀ. ಇರಬಹುದು ನಮ್ಮ ವೇಗ. ಅವಳು ಉಳಿಸಿಕೊಂಡಿದ್ದ ಆ ಕೊನೆಯ ಗೇರ್, ಅಂದರೆ 24ಕ್ಕೆ 28 ಹಾಕಿ ನಿಮಿಷಕ್ಕೆ 70 ಸುತ್ತು ಸುತ್ತಿದರೆ ಸರಿಯಾಗಿ ಅಷ್ಟೇ ಬರುವುದು. ಮಾತಾಡುವಷ್ಟು ಉಸಿರು ಇಬ್ಬರಿಗೂ ಇತ್ತು. ಭಾವನ ಸಕ್ಕರೆ ಕಾಯಿಲೆ, ಮಗನ ಕೆಲಸ, ಎಲ್ಲ ಆ ಏರಿನಲ್ಲೇ ಮಾತಾಡಿದೆವು.

ದೇವಸ್ಥಾನಕ್ಕೆ ಹೋಗಿ ಬಂದು, ಕಾಫಿ ಕುಡಿದು ಹೊರಟೆವು. ಇಳಿಜಾರು ಶುರುವಾಗುವ ಮುಂಚೆ ಅಕ್ಕ ಪೆಡಲ್ ತಿರುಗಿಸುತ್ತಾ ಮುಂದಿನದನ್ನು ಚಿಕ್ಕದರಿಂದ ನಡುವಿಗೆ, ನಡುವಿನಿಂದ ದೊಡ್ಡದಕ್ಕೆ ಹತ್ತಿಸಿದಳು.

"ಇಳಿಯೋಕೆ ಗೇರ್ ಯಾಕೆ?" ಅಂತ ಸುಮ್ನೆ ಕೇಳಿದೆ.

"ಚಿಕ್ಕದರಲ್ಲಿ ಇದ್ದರೆ ಚೈನ್ ಸಡಿಲ ಇರುತ್ತಲ್ವಾ, ಹಂಪ್ ಮೇಲೆ ಹಾರಿ ಬಿದ್ದರೆ? ಮತ್ತೆ ಕೆಳಗೆ ಹೋದ ಮೇಲೆ ತುಳೀಬೇಕು ಅಂದಾಗ ಕಾಲು ಗಾಳೀಲಿ ಸುತ್ತಬಾರದು."

"ಸರಿ. ಎರಡೂ ಬ್ರೇಕ್ ಒಂದ್ಸಲ ಹಿಡಿದು ನೋಡು, ಹೋಗೋಣ" ಅಂದೆ.